ಬ್ಲಾಕ್ ಒಡೆದಿದೆ ಅಂದರಾ? ಮೊದಲು ತೊಳೆದು ನೋಡಿ

ಪ್ರಶ್ನೆ: ಅಪ್ಪ ಕೊಂಡ 1994ರ ಡೀಸೆಲ್ ಅಂಬಾಸಿಡರ್ ಇನ್ನೂ ನಮ್ಮ ಮನೆಯಲ್ಲಿದೆ. ಎರಡು ತಿಂಗಳಿಂದ ನಿಲ್ಲಿಸಿದ ಕಡೆಯಲ್ಲೆಲ್ಲ ಆಯಿಲ್ ಕಲೆ. ಗ್ಯಾರೇಜಿನವರು ‘ಬ್ಲಾಕ್ ಕ್ರ್ಯಾಕ್ ಆಗಿದೆ, ವೆಲ್ಡಿಂಗ್ ನಿಲ್ಲಲ್ಲ, ಗುಜರಿಗೆ ಕೊಟ್ಟುಬಿಡಿ’ ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಎಂ-ಸೀಲ್ ಮೆತ್ತಿದರೆ ಆಗುತ್ತಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಗುಜರಿಗೆ ಕೊಡಬೇಡಿ. ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲೇ ನಿಂತಿದೆ, ಇರುವ ಗಾಡಿಗಳನ್ನು ನಾವೇ ಉಳಿಸಿಕೊಳ್ಳಬೇಕು. ಅದಿರಲಿ, ಬ್ಲಾಕ್ ಅಂದರೆ ಎಂಜಿನ್ನಿನ ಎರಕದ ಕಬ್ಬಿಣದ ಮೈ, ಅದು ನಿಜವಾಗಿ ಒಡೆದಿದೆಯಾ ಅಂತ ಯಾರಾದರೂ ತೊಳೆದು ನೋಡಿದ್ದಾರಾ? ಆಯಿಲ್ ಎಲ್ಲೋ ಮೇಲೆ ಸೋರಿ, ಬ್ಲಾಕಿನ ಮೈಮೇಲೆ ಇಳಿದು, ಗಾಡಿ ಓಡುವಾಗಿನ ಗಾಳಿಗೆ ಹಿಂದಕ್ಕೆ ಹರಡಿ, ಕೊನೆಗೆ ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಅಂತ ತಿಳಿದರೆ ಸುಮ್ನೆ ದುಡ್ಡು ಹೋಗುತ್ತದೆ. ನಿಮ್ಮ ಎಂಜಿನ್‌ನಲ್ಲಿ ಬ್ಲಾಕಿನ ಪಕ್ಕದಲ್ಲೇ ವಾಲ್ವ್ ಎತ್ತುವ ಭಾಗಗಳ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್‌ಗಳಿವೆ. ಅವುಗಳ ಪ್ಯಾಕಿಂಗ್ (ಗ್ಯಾಸ್ಕೆಟ್) ಒಣಗಿದರೆ ನೋಡಿದವರಿಗೆ ಬ್ಲಾಕೇ ಸೋರುತ್ತಿದೆ ಅನ್ನಿಸುತ್ತದೆ! ಆಯಿಲ್ ಪ್ರೆಷರ್ ಸ್ವಿಚ್, ಫಿಲ್ಟರ್ ಬುಡ, ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಪ್ಯಾಕಿಂಗ್, ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ದಂಡ) ಸೀಲ್ ಎಲ್ಲವನ್ನೂ ನೋಡಿ. ತಣ್ಣಗಿರುವಾಗ ಡೀಸೆಲ್ ಹಚ್ಚಿ ಬ್ರಷ್‌ನಲ್ಲಿ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಆಮೇಲೆ ಅನುಮಾನ ಇರುವ ಕಡೆ ಮುಖಕ್ಕೆ ಹಚ್ಚುವ ಪೌಡರನ್ನೇ ತೆಳ್ಳಗೆ ಉದುರಿಸಿ ಹತ್ತು ನಿಮಿಷ ಎಂಜಿನ್ ಓಡಿಸಿ. ಎಲ್ಲಿ ಮೊದಲು ಒದ್ದೆಯಾಯಿತೋ ಅಲ್ಲೇ ಸೋರಿಕೆ.

ಅಲ್ಲಿ ಪ್ಯಾಕಿಂಗ್ ಇಲ್ಲ, ಬರಿ ಕಬ್ಬಿಣ ಇದೆ ಅಂದರೆ ಆಗ ಬಿರುಕಿನ ಮಾತು. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಕೆಂಪು ಡೈ ಮತ್ತು ಬಿಳಿ ಡೆವಲಪರ್ ಸ್ಪ್ರೇ ಸಿಗುತ್ತದೆ. ಕೆಂಪು ಹೊಡೆದು ಕಾಲು ಗಂಟೆ ಬಿಟ್ಟು, ಒರೆಸಿ, ಬಿಳಿ ಹೊಡೆದರೆ ಬಿರುಕು ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ. ಅದರ ಎರಡು ತುದಿಗಳು ಎಲ್ಲಿವೆ ಅಂತ ಗುರುತು ಹಾಕಿಕೊಳ್ಳಿ.

ಇನ್ನು ಎಂ-ಸೀಲ್. ಬಿರುಕಿನ ಹಿಂದೆ ಏನಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕ್ರ್ಯಾಂಕ್ ತಿರುಗುವ ಜಾಗದ ಹೊರಗೋಡೆಯಾದರೆ ಅಲ್ಲಿ ಆಯಿಲ್ ಬರಿ ಎರಚುತ್ತದೆ, ಒತ್ತಡ ಇರಲ್ಲ, ಹಾಗಾಗಿ ಮೆತ್ತಿದ್ದು ನಿಲ್ಲುತ್ತದೆ. ಆಯಿಲ್ ಹರಿಯುವ ಗ್ಯಾಲರಿಯ ಮೇಲೆ ಬಿರುಕು ಬಂದಿದ್ದರೆ ಒಳಗಿಂದ ಮೂರು ನಾಲ್ಕು ಕೆಜಿ ಒತ್ತಡ ತಳ್ಳುತ್ತಿರುತ್ತದೆ, ಅಲ್ಲಿ ಯಾವ ಅಂಟನ್ನೂ ನಂಬಬೇಡಿ. ಹೊರಗೋಡೆ ಅಂತಾದರೆ ಎಂ-ಸೀಲ್ ಬದಲು ಎರಡು ಟ್ಯೂಬಿನ, ಉಕ್ಕಿನ ಪುಡಿ ಬೆರೆಸಿದ, ಬಿಸಿ ತಡೆಯುವ ಎಪಾಕ್ಸಿ ತನ್ನಿ. ಆಯಿಲ್ ಬಸಿದು, ಚೇಂಬರ್ ಇಳಿಸಿ. ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಹಾಕಿಸಿದರೆ ಅದು ಮುಂದಕ್ಕೆ ಓಡಲ್ಲ. ಡ್ರಿಲ್ ಬಿಟ್‌ಗೆ ಗ್ರೀಸ್ ಮೆತ್ತಿ, ಕಬ್ಬಿಣದ ಪುಡಿ ಅದಕ್ಕೇ ಅಂಟುತ್ತದೆ, ಒಳಗೆ ಬಿದ್ದದ್ದನ್ನು ಚೇಂಬರ್ ಕಡೆಯಿಂದ ತೊಳೆಯಿರಿ. ಬಿರುಕಿನುದ್ದಕ್ಕೂ ‘ವಿ’ ಆಕಾರದ ತೋಡು ತೆಗೆದು ಅಸಿಟೋನ್‌ನಲ್ಲಿ ಒರೆಸಬೇಕು. ಇಲ್ಲೇ ಎಲ್ಲರೂ ಅವಸರ ಮಾಡುವುದು. ಹಳೆಯ ಕಬ್ಬಿಣ ಆಯಿಲ್ ಕುಡಿದಿರುತ್ತದೆ, ಸ್ವಲ್ಪ ಬಿಸಿ ಮಾಡಿದರೆ ಮತ್ತೆ ಬೆವರುತ್ತದೆ. ಬಿಸಿಗಾಳಿಯ ಗನ್ ಹಿಡಿಯಿರಿ, ಬೆಂಕಿ ಬೇಡ. ತಣ್ಣಗಾದ ಮೇಲೆ ಒರೆಸಿ, ಮತ್ತೆ ಬಿಸಿ ಮಾಡಿ, ಬಟ್ಟೆ ಬಿಳಿಯಾಗಿಯೇ ಬರುವ ತನಕ ಮಾಡಿ. ಆಮೇಲೆ ಎಪಾಕ್ಸಿ ತುಂಬಿ 24 ಗಂಟೆ ಮುಟ್ಟಬೇಡಿ.

ಗ್ಯಾಲರಿಯಾದರೆ ಲೋಹದ ಹೊಲಿಗೆ ಮಾಡುವವರನ್ನು ಹುಡುಕಿ. ಬಿರುಕಿನ ಮೇಲೆ ಸಾಲಾಗಿ ತೂತು ಕೊರೆದು, ಸ್ಕ್ರೂ ಕೂರುವ ತಿರುಪು ಕೆತ್ತಿ, ಒಂದರ ಮೇಲೊಂದು ಸ್ವಲ್ಪ ಕೂರುವಂತೆ ಸ್ಕ್ರೂ ಹಾಕುತ್ತಾರೆ. ಬಿಸಿಯೇ ಬೇಕಿಲ್ಲ, ಅದೇ ಅದರ ಗುಣ. ನಿಮ್ಮ ಗ್ಯಾರೇಜಿನವರು ವೆಲ್ಡಿಂಗ್ ನಿಲ್ಲಲ್ಲ ಅಂದದ್ದು ಪೂರ್ತಿ ಸುಳ್ಳಲ್ಲ. ಎರಕದ ಕಬ್ಬಿಣದಲ್ಲಿ ಇಂಗಾಲ ಜಾಸ್ತಿ, ಸುಮಾರು 2ರಿಂದ 4 ಶೇಕಡಾ, ಹಾಗಾಗಿ ಒಂದೇ ಕಡೆ ಕಾಯಿಸಿದರೆ ಪಕ್ಕದಲ್ಲೇ ಹೊಸದಾಗಿ ಸೀಳುತ್ತದೆ. ಬ್ಲಾಕ್ ಬಿಚ್ಚಿ, ಮೊದಲೇ ಕಾಯಿಸಿ, ನಿಕ್ಕಲ್ ರಾಡ್‌ನಲ್ಲಿ ಒಂದೊಂದೇ ಇಂಚು ಹಾಕಿ, ಬೂದಿಯಲ್ಲಿ ಹೂತು ನಿಧಾನ ಆರಿಸುವವರು ಸಿಕ್ಕರೆ ಮಾತ್ರ ಮಾಡಿಸಿ. ಆಯಿಲ್‌ಗೆ ಸುರಿಯುವ ಸೋರಿಕೆ ನಿಲ್ಲಿಸುವ ಔಷಧಿ ತರಬೇಡಿ, ಅದು ರಬ್ಬರ್ ಸೀಲನ್ನು ಉಬ್ಬಿಸುತ್ತದೆ ಅಷ್ಟೆ. ಬೇರೆ ಬ್ಲಾಕ್ ಹಾಕಿಸುವುದೇ ಆದರೆ ಎಂಜಿನ್ ನಂಬರ್ ಬದಲಾಗುತ್ತದೆ, ಆರ್‌ಟಿಓದಲ್ಲಿ ಆರ್‌ಸಿ ತಿದ್ದಿಸಿಕೊಳ್ಳಿ.

ಪ್ರಶ್ನೆ: ಎಸ್ಟೇಟ್ ರಸ್ತೆಯಲ್ಲಿ ಕಲ್ಲು ಬಡಿದು ಆಯಿಲ್ ಸುರಿಯಿತು. ಕೆಂಪು ದೀಪ ಬಂದರೂ ಮನೆ ಹತ್ತಿರವೇ ಅಂತ ಓಡಿಸಿಕೊಂಡು ಬಂದೆ. ಇನ್ಶೂರೆನ್ಸ್ ಸಿಗುತ್ತಾ?
– ಓದುಗರು, ಮೂಡಿಗೆರೆ

ಉತ್ತರ: ಆ ದೀಪ ಹೇಳುವುದು ಆಯಿಲ್ ಕಡಿಮೆ ಇದೆ ಅಂತಲ್ಲ, ಒತ್ತಡವೇ ಇಲ್ಲ ಅಂತ. ಕಂಡ ತಕ್ಷಣ ನಿಲ್ಲಿಸಬೇಕಿತ್ತು. ಈಗ ಸ್ಟಾರ್ಟ್ ಮಾಡಲೇಬೇಡಿ, ಟೋ ಮಾಡಿಸಿ. ಒಡೆದದ್ದು ಚೇಂಬರ್ ಮಾತ್ರವಾದರೆ ಹೊಸದು ಹಾಕಿದರೆ ಮುಗಿಯಿತು, ಆದರೆ ಬೇರಿಂಗ್ ಬಿಚ್ಚಿ ನೋಡಿಸದೆ ಆಯಿಲ್ ತುಂಬಿ ಓಡಿಸಬೇಡಿ. ಕಲ್ಲು ಬಡಿದ ಹಾನಿಗೆ ಸಮಗ್ರ ಪಾಲಿಸಿಯಲ್ಲಿ ಕ್ಲೇಮ್ ಮಾಡಬಹುದು. ಆಯಿಲ್ ಇಲ್ಲದೆ ಓಡಿಸಿ ಎಂಜಿನ್ ಹಿಡಿದುಕೊಂಡಿದ್ದರೆ ಅದು ಬೇರೆ ಲೆಕ್ಕ, ಎಂಜಿನ್ ಪ್ರೊಟೆಕ್ಷನ್ ಕವರ್ ತೆಗೆದುಕೊಂಡಿದ್ದೀರಾ ಅಂತ ಪಾಲಿಸಿ ನೋಡಿ. ಸರ್ವೇಯರ್ ಬರುವ ತನಕ ಏನನ್ನೂ ಬಿಚ್ಚಿಸಬೇಡಿ, ಒಡೆದ ಜಾಗದ ಫೋಟೊ ಇವತ್ತೇ ತೆಗೆದಿಡಿ.