ತೀರ್ಥಹಳ್ಳಿ ಕಡೆಯಿಂದ ದಿನಾ ಬಸ್ಸಲ್ಲಿ ಶಿವಮೊಗ್ಗಕ್ಕೆ ಹೋಗಿ ಬಿ.ಕಾಂ. ಓದೋಕಾಗುತ್ತಾ? ಇಂಗ್ಲಿಷ್ ಪಾಠವೂ ತಲೆಗೆ ಹತ್ತುತ್ತಿಲ್ಲ

ಇಂಗ್ಲಿಷ್ ಚಿಂತೆ ಬಿಡಿ. ಪಿಯುನಲ್ಲಿ ಕಲಿತ ಸವಕಳಿಯೇ ಇಲ್ಲಿ ಡಿಪ್ರಿಸಿಯೇಶನ್, ಖಾತಾವಹಿಯೇ ಲೆಡ್ಜರ್. ನೋಟ್ಸಿನ ಅಂಚಲ್ಲಿ ಎರಡನ್ನೂ ಬರೆದುಕೊಳ್ಳುತ್ತಾ ಹೋದರೆ ಮೊದಲ ಇಂಟರ್ನಲ್ಸ್ (ಕಾಲೇಜೇ ನಡೆಸೋ ಪರೀಕ್ಷೆ) ಹೊತ್ತಿಗೆ ಪಳಗುತ್ತೆ. ನನಗೆ ಭಯ ಆಗಿದ್ದು ನೀವು ಸಲೀಸಾಗಿ ಬರೆದ ಇನ್ನೊಂದು ಸಾಲಿಗೆ: "ಮೊದಲ ಪಿರಿಯಡ್ ಆಗಾಗ ತಪ್ಪುತ್ತೆ, ಪರವಾಗಿಲ್ಲ."

ನಾನೂ ಇದೇ ಮಂಡಗದ್ದೆ ದಾರೀಲಿ ದಿನಾ ಓಡಾಡಿದವನೇ. ಶೇ. 75 ಹಾಜರಿ ಇದ್ದರೆ ಸಾಕು ಅಂತ ಗೊತ್ತಿತ್ತು. ಅದನ್ನ ಒಟ್ಟು ಹಾಜರಿಗೆ ಅಲ್ಲ, ಒಂದೊಂದು ವಿಷಯಕ್ಕೂ ಬೇರೆ ಬೇರೆ ನೋಡ್ತಾರೆ ಅನ್ನೋದು ಗೊತ್ತಿರಲಿಲ್ಲ. ಅಕೌಂಟೆನ್ಸಿ ವಾರಕ್ಕೆ 4 ಕ್ಲಾಸ್, 14 ವಾರಕ್ಕೆ 56. ಅದರಲ್ಲಿ 42 ಕೂರಬೇಕು, 14 ತಪ್ಪಬಹುದು. ನಾಲ್ಕೂ ದಿನ ಅದೇ ಮೊದಲ ಪಿರಿಯಡ್. ಬಸ್ ತಡವಾಗಿ ವಾರಕ್ಕೆ ಎರಡರಂತೆ ಏಳೇ ವಾರದಲ್ಲಿ ಆ 14 ಮುಗಿದವು. ಎಚ್ಚೆತ್ತು ಆಮೇಲೆ ಬೇಗನೆ ಹೊರಟೆನಾ, ಅದೂ ಮಾಡಿದೆ. ಆದರೂ ಮಳೆರಜೆಯ 3 ದಿನ ಸೇರಿ 39ಕ್ಕೆ ನಿಂತಿತು. ಶೇ. 69.6. ಒಟ್ಟು ಹಾಜರಿ 336ಕ್ಕೆ 310, ಅಂದರೆ ಶೇ. 92! ಆದರೂ ಶಾರ್ಟೇಜ್ ಲಿಸ್ಟಲ್ಲಿ ಹೆಸರು ಬಂತು, ಆ ಪೇಪರಿಗೆ ಕೂರಿಸಲಿಲ್ಲ.

ಆ ಮಳೆರಜೆ ನನ್ನ ಕಾಲೇಜಿಗೆ ಇರಲೇ ಇಲ್ಲ. ಜಿಲ್ಲಾಧಿಕಾರಿಗಳ ರಜೆ ಎಷ್ಟೋ ಸಲ ತಾಲ್ಲೂಕುವಾರು ಇರುತ್ತೆ. ಆಶ್ಲೇಷ ಮಳೆ ಹೊಡೀತಿದೆ, ತೀರ್ಥಹಳ್ಳಿ, ಹೊಸನಗರಕ್ಕೆ ರಜೆ ಅಂತ ವಾಟ್ಸಾಪಲ್ಲಿ ಬಂತು, ಕಂಬಳಿ ಎಳ್ಕೊಂಡು ಮಲಗಿದೆ. ಕಾಲೇಜು ಇರೋದು ಶಿವಮೊಗ್ಗ ತಾಲ್ಲೂಕಲ್ಲಿ, ಅಲ್ಲಿ ಪಾಠ ನಡೀತಿತ್ತು. ಆದೇಶದ ಕೊನೇ ಸಾಲನ್ನೂ ಓದಿ: ಬಹಳ ಸಲ ಅಂಗನವಾಡಿಯಿಂದ ಪಿಯುವರೆಗೆ ಮಾತ್ರ, ಪದವಿ ಕಾಲೇಜಿನ ಸುದ್ದಿಯೇ ಇರಲ್ಲ.

ಅದಕ್ಕೇ, ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ವಿಷಯಕ್ಕೊಂದು ಸಾಲು ಹಾಕಿ. ವಾರದ ಕ್ಲಾಸನ್ನ ವಾರಗಳಿಂದ ಗುಣಿಸಿ, ಕಾಲು ಭಾಗ ತೆಗೆದಿಡಿ, ತಪ್ಪಬಹುದಾದ್ದು ಅಷ್ಟೇ. ಅದರಲ್ಲೂ ಅರ್ಧ ಜ್ವರಕ್ಕೆ, ಮನೆ ಮದುವೆಗೆ, ಮರ ಬಿದ್ದು ರಸ್ತೆ ಬಂದ್ ಆಗೋದಕ್ಕೆ. ಉಳಿದಷ್ಟೇ ನಿಮ್ಮದು. ಪ್ರತಿ ಶನಿವಾರ ಲೆಕ್ಚರರ್ ರಿಜಿಸ್ಟರಿನ ಜೊತೆ ತಾಳೆ ನೋಡಿ, ಯಾಕಂದ್ರೆ ಹತ್ತು ನಿಮಿಷ ತಡವಾಗಿ ಬಂದವರನ್ನ ಕೆಲವರು ಒಳಗೆ ಕೂರಿಸಿಕೊಂಡೂ ಆಬ್ಸೆಂಟ್ ಹಾಕಿರ್ತಾರೆ. ಜ್ವರ ಬಂದರೆ, ಕಾಲೇಜಿಗೆ ವಾಪಸ್ ಬಂದ ವಾರವೇ ಮೆಡಿಕಲ್ ಸರ್ಟಿಫಿಕೇಟ್ ಕೊಡಿ. ಕೊನೇಲಿ ಕೊಟ್ಟರಾಯ್ತು ಅನ್ನೋ ಸೀನಿಯರ್ಸ್ ಮಾತು ಕೇಳಬೇಡಿ, ಲಿಸ್ಟ್ ಹಾಕಿದ ಮೇಲೆ ಅದು ಬರೀ ಕಾಗದ.

ಓಡಾಡೋದಾ, ಹಾಸ್ಟೆಲಾ ಅಂತ ನನ್ನ ಕೇಳಿದರೆ ಮೊದಲ ಸೆಮಿಸ್ಟರ್ ಹಾಸ್ಟೆಲೇ. ಸರ್ಕಾರಿ ಹಾಸ್ಟೆಲಿಗೆ ಸ್ಟೇಟ್ ಹಾಸ್ಟೆಲ್ ಪೋರ್ಟಲಲ್ಲಿ ಅರ್ಜಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಓಡಾಡಲೇಬೇಕು ಅಂದ್ರೆ ಮೊದಲ ಪಿರಿಯಡ್ಡಿಗೆ ಮುಟ್ಟಿಸೋ ಬಸ್ಸಲ್ಲ, ಅದಕ್ಕಿಂತ ಒಂದು ಬಸ್ ಮುಂಚೆ ಹಿಡೀರಿ. ಕೆಎಸ್‌ಆರ್‌ಟಿಸಿ ಪಾಸ್ ಮಾಡಿಸೋ ಮುಂಚೆ ಆ ಹೊತ್ತಿಗೆ ನಿಮ್ಮೂರಿಂದ ಹೊರಡೋದು ಸರ್ಕಾರಿ ಬಸ್ಸೋ ಪ್ರೈವೇಟೋ ನೋಡಿಕೊಳ್ಳಿ. ಪ್ರೈವೇಟಲ್ಲಿ ಆ ಪಾಸ್ ನಡೆಯಲ್ಲ.