ಜಾಮೀನಿನ ಷರತ್ತಿನಲ್ಲಿ ಚಿಕಿತ್ಸೆ: ಏನು ಬರೆಸಬೇಕು?

ದಾವಣಗೆರೆಯ ಓದುಗರೊಬ್ಬರ ಪತ್ರ: “ಅಕ್ಕನ ಮಗನ ಬಳಿ 150 ಗ್ರಾಂ ಗಾಂಜಾ ಸಿಕ್ಕಿ ಬಂಧನವಾಗಿದೆ. ವ್ಯಸನ ಬಿಡಿಸುವ ಚಿಕಿತ್ಸೆಗೆ ಸೇರಬೇಕೆಂದು ಜಾಮೀನಿನಲ್ಲೇ ಷರತ್ತು ಹಾಕಿಸಬಹುದೇ? ಆಗ ಕೇಸು ಬಿದ್ದುಹೋಗುತ್ತದೆಯೇ?”

ಷರತ್ತು ಹಾಕಿಸಬಹುದು, ಕೇಸು ಮಾತ್ರ ಅಷ್ಟಕ್ಕೇ ಬೀಳುವುದಿಲ್ಲ. ಗಾಂಜಾದಲ್ಲಿ 1 ಕಿಲೋವರೆಗೆ ‘ಅಲ್ಪ ಪ್ರಮಾಣ’. ಶಿಕ್ಷೆ ಹೆಚ್ಚೆಂದರೆ 1 ವರ್ಷ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಪೊಲೀಸರು ಇನ್ನೂ ಗಂಭೀರ ಆರೋಪ ಸೇರಿಸದಿದ್ದರೆ, ಜಾಮೀನಿಗೆ ಅಡ್ಡಬರುವ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯ 37ನೇ ಕಲಂ ಹುಡುಗನಿಗೆ ತಾಗದು.

ಮೊಕದ್ದಮೆಯಿಂದಲೇ ರಕ್ಷಣೆ ಬೇಕಾದರೆ ಅದೇ ಕಾಯ್ದೆಯ 64ಎ ಕಲಂ ನೋಡಬೇಕು. ಸೇವನೆಯ ಇಲ್ಲವೇ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ, ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ತಾನಾಗಿಯೇ ಚಿಕಿತ್ಸೆಗೆ ಮುಂದಾದರೆ ಅದು ಅನ್ವಯಿಸುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆಯೂ ಹೋದೀತು. ಇಲ್ಲಿ ‘ವ್ಯಸನಿ’ ಎಂಬುದೇ ಮುಖ್ಯ: ಅಪರೂಪಕ್ಕೆ ಸೇದುವವನು ಆ ಮಾತಿಗೆ ಒಳಪಡುವುದಿಲ್ಲ. ಹಾಗಾಗಿ ಮೊದಲು ಮನೋವೈದ್ಯರ ತಪಾಸಣೆ, ಆಮೇಲೆ ಅರ್ಜಿ. ತಪ್ಪು ಸಾಬೀತಾದ ಮೇಲೂ, ಆರೋಪಿ ಒಪ್ಪಿದರೆ, 39ನೇ ಕಲಂ ಕೆಳಗೆ ಮುಚ್ಚಳಿಕೆ ಬರೆಸಿಕೊಂಡು ಚಿಕಿತ್ಸೆಗೆ ಕಳಿಸುವ ದಾರಿಯಿದೆ. ಚಿಕಿತ್ಸೆಯ ಫಲವೇನೆಂಬ ವರದಿ 1 ವರ್ಷದೊಳಗೆ ಕೋರ್ಟಿಗೆ ಬರಬೇಕು.

ಎಡವಟ್ಟಾಗುವುದು ಷರತ್ತಿನ ಒಕ್ಕಣೆಯಲ್ಲಿ. “ಮಾದಕವಸ್ತು ಮುಟ್ಟಕೂಡದು, ಮೂತ್ರ ಪರೀಕ್ಷೆಯಲ್ಲಿ ಬಂದರೆ ಜಾಮೀನು ರದ್ದು” ಎಂದು ಬರೆಸಿಕೊಂಡು ಬರಬೇಡಿ. ದಿನವೂ ಹೆಚ್ಚು ಸೇದುತ್ತಿದ್ದವನ ಮೂತ್ರದಲ್ಲಿ ಗಾಂಜಾದ ಅಂಶ ಬಿಟ್ಟ ಮೇಲೂ ತಿಂಗಳವರೆಗೆ ಕಾಣಬಹುದು. ಹತ್ತನೇ ದಿನದ ‘ಪಾಸಿಟಿವ್’ ಹೊಸದಾಗಿ ಸೇದಿದ್ದಕ್ಕೆ ಪುರಾವೆಯಲ್ಲ. ಮರುಕಳಿಸುವುದೂ ಈ ಕಾಯಿಲೆಯ ಸ್ವಭಾವವೇ. “ಇಂಥ ಆಸ್ಪತ್ರೆಯಲ್ಲಿ ವೈದ್ಯರು ಹೇಳಿದಂತೆ ಚಿಕಿತ್ಸೆ ಪಡೆಯಬೇಕು, ಹಾಜರಾತಿ ಪತ್ರ ತಿಂಗಳಿಗೊಮ್ಮೆ ಸಲ್ಲಿಸಬೇಕು” ಎಂದಿದ್ದರೆ ಪಾಲಿಸಬಹುದು.

ವಾರಕ್ಕೊಮ್ಮೆ ಠಾಣೆಗೆ ಸಹಿ ಹಾಕಲು ಬರಬೇಕೆಂಬ ಷರತ್ತೂ ಇರಬಹುದು. ಒಳರೋಗಿಯಾಗಿದ್ದಷ್ಟು ದಿನ ಅದರಿಂದ ವಿನಾಯಿತಿಯನ್ನು ಜಾಮೀನು ಅರ್ಜಿಯಲ್ಲೇ ಕೇಳಿಸಿ; ಮರೆತರೆ ಹುಡುಗ ವಾರ್ಡಿನಲ್ಲಿ ಮಲಗಿದ್ದಾಗಲೇ ಷರತ್ತು ಮುರಿದಂತಾಗುತ್ತದೆ. ಸ್ವಇಚ್ಛೆಯಿಂದ ದಾಖಲಾದವನು ಹೊರಡುತ್ತೇನೆಂದರೆ ಆಸ್ಪತ್ರೆ ಸಾಮಾನ್ಯವಾಗಿ ಕಟ್ಟಿಹಾಕುವಂತಿಲ್ಲ. ಹಾಗೆ ಹೊರಟುಬಂದರೆ ಆ ದಿನವೇ ವಕೀಲರಿಗೆ ತಿಳಿಸಿ, ಕೋರ್ಟಿಗೆ ಬೇರೆಯವರಿಂದ ತಿಳಿಯುವುದು ಬೇಡ.

ಬೋರ್ಡು ಹಾಕಿಕೊಂಡ ‘ಪುನರ್ವಸತಿ ಕೇಂದ್ರ’ಗಳೆಲ್ಲ ಮಾನ್ಯತೆ ಪಡೆದವಲ್ಲ; ಹಣ ಕಟ್ಟುವ ಮೊದಲೇ ಮಾನ್ಯತೆಯ ಪತ್ರ ಕೇಳಿ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಎರಡೂ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳು. ಹತ್ತಿರದ ಕೇಂದ್ರ ಯಾವುದೆಂದು ಉಚಿತ ಸಹಾಯವಾಣಿ 14446ಕ್ಕೆ ಕರೆಮಾಡಿ ವಿಚಾರಿಸಿ.