ತಲೆನೋವು ತಂದ ಸಿನಿಮಾ, ಕಣ್ಣೀರು ತಂದ ಸಿನಿಮಾ

ರಷ್ಯಾದ ನಿರ್ದೇಶಕ ಆಂದ್ರೇ ತಾರ್ಕೋವ್‌ಸ್ಕಿಯ 'ಮಿರರ್' ನೋಡಿ ಎಂದು ಕಳೆದ ತಿಂಗಳು ಈ ಅಂಕಣದಲ್ಲಿ ಬರೆದಿದ್ದೆ. 1975ರಲ್ಲಿ ತೆರೆಗೆ ಬಂದ ಚಿತ್ರ. ಕಾಯಿಲೆ ಬಿದ್ದ ಒಬ್ಬನಿಗೆ ಅವನ ಬಾಲ್ಯ, ಅಮ್ಮ, ಯುದ್ಧದ ದಿನಗಳು ನೆನಪಾಗುತ್ತವೆ. ದೊಡ್ಡವನಾದ ಮೇಲಿನ ಅವನ ಮುಖ ನಮಗೆ ಕಾಣುವುದೇ ಇಲ್ಲ, ದನಿ ಮಾತ್ರ ಕೇಳುತ್ತದೆ. ನೋಡಿದವರು ಬರೆದಿದ್ದಾರೆ. ಸಿಟ್ಟಾದವರ ಪತ್ರದಿಂದಲೇ ಶುರು ಮಾಡುತ್ತೇನೆ.

ಅರ್ಧ ಗಂಟೆಗೇ ತಲೆ ಸಿಡಿಯತೊಡಗಿತು. ಯಾರು ಯಾರು, ಯಾವ ಕಾಲ, ಒಂದೂ ತಿಳಿಯಲಿಲ್ಲ. ನಮ್ಮಂಥವರಿಗೆ ಅರ್ಥವಾಗದ ಸಿನಿಮಾ ಯಾಕೆ ಮಾಡಬೇಕು ಮೇಡಂ? ನೀವಾದರೂ ಯಾಕೆ ನೋಡಿ ಅನ್ನಬೇಕು?
— ನಿವೃತ್ತ ಬ್ಯಾಂಕ್ ನೌಕರರು, ಧಾರವಾಡ

ಸರ್, ಆಗಿನ ಲೆನಿನ್‌ಗ್ರಾಡಿನ ಒಬ್ಬ ಮಹಿಳಾ ಸಿವಿಲ್ ಇಂಜಿನಿಯರ್ ಹೆಚ್ಚುಕಡಿಮೆ ಇದನ್ನೇ ತಾರ್ಕೋವ್‌ಸ್ಕಿಗೆ ಬರೆದಿದ್ದರು. ಅವರಿಗೂ ಅರ್ಧ ಗಂಟೆಗೇ ತಲೆನೋವು. ಪಾತ್ರ, ಘಟನೆ, ನೆನಪು ಎಲ್ಲವನ್ನೂ ಒಂದಕ್ಕೊಂದು ಜೋಡಿಸಲು ಹೆಣಗಿ ಬಂದ ನೋವು ಅದು. ಆದರೂ ಕೊನೆಯವರೆಗೆ ಕೂತು ನೋಡಿದರು. ತಾರ್ಕೋವ್‌ಸ್ಕಿ ಆ ಪತ್ರವನ್ನು ಬಚ್ಚಿಡಲಿಲ್ಲ. ಸಿನಿಮಾ ಬಗ್ಗೆ ತಾವು ಬರೆದ 'ಸ್ಕಲ್ಪ್ಟಿಂಗ್ ಇನ್ ಟೈಮ್' ಪುಸ್ತಕದ ಮೊದಲಲ್ಲೇ ಹಾಕಿಕೊಂಡರು.

ನಿಮ್ಮದು ತಪ್ಪೇನಿಲ್ಲ. 'ಅರ್ಥ ಹುಡುಕಬೇಡಿ, ಸುಮ್ನೆ ಅನುಭವಿಸಿ' ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗೊತ್ತಿರಬೇಕಾದ ನಾಲ್ಕು ಮಾತನ್ನು ಹೇಳಿಬಿಟ್ಟರೆ ಅರ್ಧ ತಲೆನೋವು ಅಲ್ಲೇ ಹೋಗುತ್ತದೆ. ಮಾರ್ಗರೀಟಾ ತೆರೆಖೋವಾ ಎಂಬ ಒಬ್ಬಳೇ ನಟಿ ಇಲ್ಲಿ ಕಥಾನಾಯಕನ ತಾಯಿಯೂ ಹೌದು, ಅವನಿಂದ ದೂರವಾದ ಹೆಂಡತಿಯೂ ಹೌದು. ಹನ್ನೆರಡು ವರ್ಷದ ಅವನ ಪಾತ್ರ ಮತ್ತು ಅವನ ಮಗನ ಪಾತ್ರ ಎರಡನ್ನೂ ಒಬ್ಬನೇ ಹುಡುಗ ಮಾಡಿದ್ದಾನೆ. ಬೇಕೆಂದೇ ಹೀಗೆ ಮಾಡಿದ್ದು. ಅಮ್ಮನ ಯೌವನವನ್ನು ನೆನೆದರೆ ಅವನಿಗೆ ಹೆಂಡತಿಯ ಮುಖವೇ ಬರುತ್ತದೆ ಎಂದು ಅವನೇ ಹೇಳುತ್ತಾನೆ. ಮುದುಕಿಯಾಗಿ ಬರುವವರು ನಿರ್ದೇಶಕರ ಸ್ವಂತ ತಾಯಿ ಮರಿಯಾ ವಿಷ್ನ್ಯಕೋವಾ. ಕವಿತೆ ಓದುವ ದನಿ ನಿರ್ದೇಶಕರ ತಂದೆ, ಕವಿ ಆರ್ಸೇನಿ ತಾರ್ಕೋವ್‌ಸ್ಕಿಯದು. ಮಗ ಚಿಕ್ಕವನಿದ್ದಾಗಲೇ ಮನೆ ಬಿಟ್ಟುಹೋದ ಅಪ್ಪ ಅವರು. ಮನೆಯಲ್ಲಿ ಇಲ್ಲದ ಅಪ್ಪ ಸಿನಿಮಾದ ತುಂಬ ದನಿಯಾಗಿ ಇದ್ದಾರೆ. ಇಷ್ಟು ತಿಳಿದುಕೊಂಡು ಮೊದಲ ಇಪ್ಪತ್ತು ನಿಮಿಷ ಮತ್ತೆ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಕಪ್ಪು ಬಿಳುಪು ಬಂದರೆ ಹಳೆಯ ಕಾಲ, ಬಣ್ಣ ಬಂದರೆ ಈಗಿನದು, ಅಲ್ವಾ?
— ಪದವಿ ವಿದ್ಯಾರ್ಥಿ, ಹಾಸನ

ಅಲ್ಲ. ಬೇಲಿ ಮುರಿದು ಬೀಳುವ ವೈದ್ಯ, ಹೊತ್ತಿ ಉರಿಯುವ ಕೊಟ್ಟಿಗೆ ಎರಡೂ ಯುದ್ಧಕ್ಕೆ ಮುಂಚಿನವು, ಎರಡೂ ಬಣ್ಣದಲ್ಲಿವೆ. ಅಮ್ಮ ಕೂದಲು ತೊಳೆಯುವಾಗ ಚಾವಣಿ ಕಳಚಿ ಬೀಳುವ ಕನಸು ಕಪ್ಪು ಬಿಳುಪು. ಈ ಲೆಕ್ಕ ಹಿಡಿದು ಹೊರಟರೆ ದಾರಿ ತಪ್ಪುತ್ತದೆ.

ನಮ್ಮೂರಿಗೂ ಆ ಊರಿಗೂ ಏನೂ ಸಂಬಂಧವಿಲ್ಲ. ಆದರೂ ಹುಲ್ಲಿನ ಮೇಲೆ ಗಾಳಿ ಬೀಸಿ ಬರುವಾಗ ಅತ್ತುಬಿಟ್ಟೆ. ಮನೆಯವರು ನಕ್ಕರು. ಯಾಕೆ ಹೀಗಾಯಿತು?
— ಗೃಹಿಣಿ, ಸಾಗರ

ತಂಗಿ, ನಗುವವರು ನಗಲಿ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಗೋರ್ಕಿ ಎಂಬ ಊರಿನ ಒಬ್ಬ ಹೆಂಗಸು ತಾರ್ಕೋವ್‌ಸ್ಕಿಗೆ ಧನ್ಯವಾದ ಹೇಳಿ ಪತ್ರ ಬರೆದಿದ್ದಳು. ನನ್ನ ಬಾಲ್ಯವೂ ಹೀಗೇ ಇತ್ತು, ಅದು ನಿಮಗೆ ಹೇಗೆ ಗೊತ್ತಾಯಿತು ಎಂದು ಅವಳ ಪ್ರಶ್ನೆ. ಅವತ್ತೂ ಅಂಥದೇ ಗಾಳಿ, ಗುಡುಗು. ಬೆಕ್ಕನ್ನು ಆಚೆ ಹಾಕು ಎಂದು ಅಜ್ಜಿ ಕೂಗಿದ್ದು, ಸೀಮೆಎಣ್ಣೆ ದೀಪ ಆರಿದ್ದು, ಅಮ್ಮ ಬರುವುದನ್ನೇ ಕಾದದ್ದು, ಎಲ್ಲ ಬರೆದಿದ್ದಾಳೆ.

ಎಲ್ಲರಿಗೂ ಹೊಂದಲಿ ಎಂದು ಒಂದು ಸಾಮಾನ್ಯ ಹಳ್ಳಿಯನ್ನು ಕಟ್ಟಿದ್ದರೆ ಯಾರಿಗೂ ಹೀಗಾಗುತ್ತಿರಲಿಲ್ಲ ಎಂದು ನನ್ನ ನಂಬಿಕೆ. ತಾರ್ಕೋವ್‌ಸ್ಕಿ ಮಾಡಿದ್ದು ಬೇರೆ. ತಮ್ಮ ಹಳೆಯ ಮನೆ ಬಿದ್ದುಹೋಗಿತ್ತು. ಹಳೆಯ ಫೋಟೋಗಳನ್ನು ಇಟ್ಟುಕೊಂಡು ಅದೇ ಪಾಯದ ಮೇಲೆ ಮತ್ತೆ ಕಟ್ಟಿಸಿದರು. ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಅವರ ಮುಖದಲ್ಲಿ ಕಂಡದ್ದನ್ನು ನೋಡಿ, ಚಿತ್ರ ಸರಿ ದಾರಿಯಲ್ಲಿದೆ ಎಂದು ಧೈರ್ಯ ಬಂತಂತೆ. ಮನೆಯ ಮುಂದಿನ ಹೊಲದಲ್ಲಿ ಮೊದಲು ಬಿಳಿ ಹೂ ಬಿಡುವ ಬಕ್‌ವೀಟ್ ಬೆಳೆಯುತ್ತಿದ್ದುದು ತಾರ್ಕೋವ್‌ಸ್ಕಿಯ ನೆನಪಲ್ಲಿತ್ತು. ಇವರು ಹೋದಾಗ ಅಲ್ಲಿ ಬೇರೆ ಬೆಳೆ. ಈ ಮಣ್ಣಿಗೆ ಬಕ್‌ವೀಟ್ ಬರುವುದಿಲ್ಲ ಎಂದರು ಅಲ್ಲಿನ ರೈತರು. ತಾರ್ಕೋವ್‌ಸ್ಕಿ ಹೊಲವನ್ನು ಗೇಣಿಗೆ ಹಿಡಿದು ಬಿತ್ತಿಸಿದರು. ಬೆಳೆ ಚೆನ್ನಾಗಿ ಬಂತು, ರೈತರಿಗೇ ಆಶ್ಚರ್ಯ. ಆ ಬಿಳಿ ಹೊಲ ಇಲ್ಲದಿದ್ದರೆ ಸಿನಿಮಾ ಏನಾಗುತ್ತಿತ್ತೋ ಎಂದು ಆಮೇಲೆ ಬರೆದಿದ್ದಾರೆ. ಒಬ್ಬ ಮನುಷ್ಯ ತನ್ನ ಅಂಗಳವನ್ನು ಇಷ್ಟು ಹಟ ಹಿಡಿದು ಸರಿಯಾಗಿ ತೋರಿಸಿದ್ದಕ್ಕೇ ನಿನಗೆ ಸಾಗರದಲ್ಲಿ ಕೂತು ನಿನ್ನ ಅಂಗಳ ನೆನಪಾಗಿದ್ದು. ಅತ್ತದ್ದು ಸರಿಯಾಗಿಯೇ ಇದೆ.

ಪ್ರೆಸ್ಸಿನಲ್ಲಿ ಅಮ್ಮ ಅಷ್ಟು ಗಾಬರಿಯಿಂದ ಓಡುತ್ತಾಳಲ್ಲ, ಒಂದು ಅಚ್ಚಿನ ತಪ್ಪಿಗೆ ಅಷ್ಟೊಂದಾ?
— ಡಿಟಿಪಿ ಕೆಲಸ ಮಾಡುವವರು, ಮೈಸೂರು

ಅದು ಸ್ಟಾಲಿನ್ ಕಾಲ. ಸರ್ಕಾರಿ ಪುಸ್ತಕದಲ್ಲಿ ಒಂದು ಪದ ಎಡವಟ್ಟಾದರೆ ಕೆಲಸ ಹೋಗುವುದಷ್ಟೇ ಅಲ್ಲ, ಜೈಲೂ ಆಗಬಹುದಿತ್ತು. ನಿರ್ದೇಶಕರ ತಾಯಿ ಮಾಸ್ಕೋದ ಮುದ್ರಣಾಲಯದಲ್ಲಿ ನಿಜವಾಗಿಯೂ ಪ್ರೂಫ್ ರೀಡರ್ ಆಗಿದ್ದರು. ನಾನೂ ಒಂದು ಪತ್ರಿಕೆಯ ರಾತ್ರಿ ಪಾಳಿಯಲ್ಲಿ ಪ್ರೂಫ್ ತಿದ್ದಿದವಳು. ಮನೆಗೆ ಬಂದು ಮಲಗಿದ ಮೇಲೆ ಯಾವುದೋ ಹೆಡ್ಡಿಂಗ್ ಕಣ್ಣ ಮುಂದೆ ಬರುತ್ತದೆ. ಆ ಒತ್ತಕ್ಷರ ಸರಿ ಇತ್ತಾ? ಎದೆ ಧಸಕ್ಕೆನ್ನುತ್ತದೆ. ನನಗಿದ್ದದ್ದು ಬೈಗುಳದ ಭಯವಷ್ಟೇ, ಆಕೆಗೆ ಇದ್ದದ್ದು ಜೀವಭಯ. ಅದಕ್ಕೇ ಮಳೆಯಲ್ಲಿ ನೆನೆದುಕೊಂಡು ಓಡುತ್ತಾಳೆ. ತಪ್ಪಾಗಿಲ್ಲ ಎಂದು ಗೊತ್ತಾದ ಮೇಲೆ ಆ ಪದ ಯಾವುದೆಂದು ಗೆಳತಿಯ ಕಿವಿಯಲ್ಲಿ ಹೇಳುತ್ತಾಳೆ. ನಮಗೆ ಕೇಳಿಸುವುದಿಲ್ಲ. ಇಡೀ ಚಿತ್ರದಲ್ಲಿ ನನಗೆ ತುಂಬ ಹತ್ತಿರವಾದ ಭಾಗ ಇದೇ.

ಎರಡನೇ ಸಲ ನೋಡಲೇಬೇಕಾ? ಎಲ್ಲಿ ಸಿಗುತ್ತದೆ?
— ಶಿಕ್ಷಕಿ, ತುಮಕೂರು

'ಲೇಬೇಕು' ಅಂತೇನಿಲ್ಲ. ತಾರ್ಕೋವ್‌ಸ್ಕಿಗೆ ಪತ್ರ ಬರೆದ ಒಬ್ಬರು ಒಂದೇ ವಾರದಲ್ಲಿ ನಾಲ್ಕು ಸಲ ನೋಡಿದ್ದರಂತೆ. ಆಗ ಅದು ಸುಲಭದ ಮಾತಲ್ಲ. ಸೋವಿಯತ್ ಅಧಿಕಾರಿಗಳಿಗೆ ಚಿತ್ರ ಹಿಡಿಸಿರಲಿಲ್ಲ, ಕೆಲವೇ ಪ್ರತಿ ಮಾಡಿ ಕೆಲವೇ ಚಿತ್ರಮಂದಿರಗಳಿಗೆ ಕೊಟ್ಟಿದ್ದರು. ಈಗ ನಿರ್ಮಾಣ ಸಂಸ್ಥೆ ಮಾಸ್‌ಫಿಲ್ಮ್ ತನ್ನ ಯೂಟ್ಯೂಬ್ ಚಾನೆಲ್‌ನಲ್ಲೇ ಹಾಕಿದೆ, ಇಂಗ್ಲಿಷ್ ಸಬ್‌ಟೈಟಲ್ ಇದೆ. ಕವಿತೆ ಬಂದಾಗ ಸಬ್‌ಟೈಟಲ್ ಓಡುತ್ತದೆ, ಓದುತ್ತಾ ಕೂತರೆ ಚಿತ್ರ ಕೈತಪ್ಪುತ್ತದೆ. ಮೊದಲ ಸಲ ಕವಿತೆಯನ್ನು ಬಿಟ್ಟು ಅಪ್ಪನ ದನಿಯನ್ನಷ್ಟೇ ಕೇಳಿ. ಕೆಸರಿನಲ್ಲಿ ಸೈನಿಕರು ನಡೆದುಹೋಗುವ ಹಳೆಯ ಸುದ್ದಿಚಿತ್ರದ ಭಾಗ ಬಂದಾಗ ಮಾತ್ರ ನಿಲ್ಲಿಸಿ ಓದಿ. 1943ರಲ್ಲಿ ಸೋವಿಯತ್ ಸೈನ್ಯ ಕ್ರೈಮಿಯಾ ಬಳಿಯ ಸಿವಾಶ್ ಸರೋವರ ದಾಟುವಾಗ ತೆಗೆದದ್ದು. ಅದನ್ನು ತೆಗೆದ ಕ್ಯಾಮೆರಾಮನ್ ಅದೇ ದಿನ ಸತ್ತರು ಎಂದು ತಾರ್ಕೋವ್‌ಸ್ಕಿ ಬರೆದಿದ್ದಾರೆ. ಮೊಬೈಲಿನಲ್ಲಿ ಬೇಡ, ದೊಡ್ಡ ಪರದೆ ಇದ್ದರೆ ಒಳ್ಳೆಯದು. ಮತ್ತೆ ನೋಡಿಯೂ ಹಿಡಿಸದಿದ್ದರೆ ಯಾಕೆಂದು ಬರೆಯಿರಿ, ಅದನ್ನೂ ಇಲ್ಲಿ ಹಾಕುತ್ತೇನೆ.